ಅಳಿಮಯ್ಯನಿಗೆ ಹಸಿ ಈಲಿ

ಇವತ್ತು ಬೆಳಿಗ್ಗೆ ಹುಣಸೂರಿನ ಮಟನ್ ಅಂಗಡಿಯ ಮುಂದೆ ನಿಂತಿದ್ದೆ. ಭಾನುವಾರವಾದ್ದರಿಂದ ಜನ ತುಂಬಿದ್ದರು. ಅಂಗಡಿಯವನು ಕುರಿಯ ಈಲಿಯನ್ನು ಮರದ ದಿಮ್ಮಿಯ ಮೇಲೆ ಹಾಕಿ ಕತ್ತಿ ಆಡಿಸಿದ. ಈಲಿ ಎಂದರೆ ಪೇಟೆಯವರು ಲಿವರ್ ಎನ್ನುತ್ತಾರಲ್ಲ, ಅದು. ಅದರ ಹಸಿ ವಾಸನೆ, ಒದ್ದೆ ಕಬ್ಬಿಣದಂಥ ವಾಸನೆ, ಮೂಗಿಗೆ ಬಡಿದದ್ದೇ ತಡ ನನಗೆ ನಗು ಬಂತು. ಅಂಗಡಿಯವನು, ತೂಕದಲ್ಲಿ ತಾನು ತೋರಿಸಿದ ಕೈಚಳಕ ನನಗೆ ಗೊತ್ತಾಗಿಬಿಟ್ಟಿತು ಎಂದುಕೊಂಡನೋ ಏನೋ, ಇನ್ನೊಂದು ಚೂರು ಹೆಚ್ಚಿಗೆ ಹಾಕಿದ. ನಾನು ಸುಮ್ಮನೆ ತೆಗೆದುಕೊಂಡೆ. ನಗುವಿನಿಂದಲೂ ಒಮ್ಮೊಮ್ಮೆ ಲಾಭ ಇರುತ್ತದೆ ನೋಡಿ.

ನಾನು ನಕ್ಕದ್ದು ಅವನ ತಕ್ಕಡಿಗಲ್ಲ. ಒಂದು ಹಿಡಿ ಈಲಿಗಾಗಿ ನಮ್ಮ ಯಜಮಾನರು ಒಮ್ಮೆ ಮಾವನ ಮನೆ ಬಿಟ್ಟು ಹೊರಟಿದ್ದರು. ಅವರ ಎದುರಾಳಿ ಒಂದು ಬೆಕ್ಕು. ಗೆದ್ದದ್ದು ಬೆಕ್ಕು. ಈ ಕಥೆಯನ್ನು ಅವರು ಹೇಳುವ ರೀತಿ ಬೇರೆ; ನಿಮಗೆ ನಾನು ಆದದ್ದನ್ನು ಆದ ಹಾಗೇ ಹೇಳುತ್ತೇನೆ.

ನನ್ನ ತವರು ಪಿರಿಯಾಪಟ್ಟಣ ತಾಲ್ಲೂಕು, ಬೆಟ್ಟದಪುರದ ಹತ್ತಿರದ ಒಂದು ಹಳ್ಳಿ. ಹೊಗೆಸೊಪ್ಪು, ರಾಗಿ, ಹಿತ್ತಲಲ್ಲಿ ನಾಲ್ಕು ತರಕಾರಿ ಗಿಡ, ಅಷ್ಟೇ ನಮ್ಮ ಬೇಸಾಯ. ನನಗಿನ್ನೂ ಮದುವೆಯಾಗಿರಲಿಲ್ಲ, ಪಿಯುಸಿ ಮುಗಿಸಿ ಮನೆಯಲ್ಲಿದ್ದೆ. ತೊಂಬತ್ತರ ದಶಕದ ಮೊದಲ ವರ್ಷಗಳು. ಆಗ ನಮ್ಮ ಮನೆಯ ಹಳೆಯ ಹೆಣ್ಣುಬೆಕ್ಕು ಹೊಲದಲ್ಲಿ ಪಾಷಾಣ ತಿಂದು ಸತ್ತಿದ್ದ ಇಲಿಯನ್ನು ತಿಂದು ತಾನೂ ಸತ್ತಿತು. ಅದರ ಮರಿಗಳಲ್ಲಿ ಉಳಿದದ್ದು ಒಂದೇ, ಕಂದುಬಣ್ಣದ ಗಂಡು. ಅವ್ವ ಅದನ್ನು ಹತ್ತಿಬಟ್ಟೆ ಅದ್ದಿ ಹಸುವಿನ ಹಾಲು ಚೀಪಿಸಿ ಸಾಕಿದಳು. ಇಲಿಯ ತಂಟೆಗೆ ಹೋಗಬಾರದೆಂದು ಹೊರಗೆ ಬಿಡಲೂ ಇಲ್ಲ. ಹೀಗಾಗಿ ಅದು ಇಲಿ ಹಿಡಿಯುವುದನ್ನು ಕಲಿಯಲೇ ಇಲ್ಲ. ಅಟ್ಟದ ಮೇಲೆ ಇಲಿ ಓಡಿದರೆ ತಲೆಯೆತ್ತಿ, ಮೇಲ್ಮನೆಯವರು ಏನೋ ಗಲಾಟೆ ಮಾಡುತ್ತಿದ್ದಾರೆ ಎನ್ನುವ ಹಾಗೆ ನೋಡಿ ಮತ್ತೆ ಮಲಗುತ್ತಿತ್ತು.

ಬೆಳೆಯುತ್ತ ಬಂದ ಹಾಗೆ ಅದಕ್ಕೆ ಕೆರೆತ ಶುರುವಾಯಿತು. ಕತ್ತು, ಕಿವಿಯ ಹಿಂದೆ, ಹೊಟ್ಟೆ, ಎಲ್ಲ ಕಡೆ ಕೆರೆದು ಕೆರೆದು ಕೂದಲು ಉದುರಿ ಕೆಂಪಗೆ ಹುಣ್ಣಾಯಿತು. ಹಾಲು ಕುಡಿದರೆ ಭೇದಿ. ಬೇವಿನ ಎಣ್ಣೆ ಹಚ್ಚಿದ್ದಾಯಿತು, ಅರಿಶಿನ ಬಳಿದದ್ದಾಯಿತು. ಅರಿಶಿನ ಬಳಿದುಕೊಂಡು ಅದು ಜಗಲಿಯ ಮೇಲೆ ಕೂತಾಗ ಥೇಟ್ ಮದುವೆ ಗಂಡಿನ ಹಾಗೆ ಕಾಣುತ್ತಿತ್ತು. ಅಪ್ಪ ಬೀಡಿ ಹಚ್ಚಿಕೊಂಡು ಅದನ್ನು ನೋಡಿ, ಒಳ್ಳೆ ಅಳಿಮಯ್ಯ ಬಂದು ಕುಂತಂಗೆ ಕುಂತವ್ನೆ ನೋಡು, ಎಂದರು. ಕೆಲಸವಿಲ್ಲ, ಬೊಗಸೆಯಿಲ್ಲ, ಎಲ್ಲರಿಗೂ ಆಗುವುದು ಇವನಿಗಾಗದು, ಬಡಿಸುವುದು ತಡವಾದರೆ ಮುನಿಸು. ಅಳಿಯನಿಗೆ ಇನ್ನೇನು ಲಕ್ಷಣ ಬೇಕು. ಅಂದಿನಿಂದ ಬೆಕ್ಕಿಗೆ ಅಳಿಮಯ್ಯ ಎಂದೇ ಹೆಸರಾಯಿತು. ಮನೆಯಲ್ಲಿ ಮದುವೆಗೆ ಬಂದ ಮಗಳಿದ್ದಾಳೆ, ನಾಳೆ ನಿಜವಾದವನು ಬರುತ್ತಾನೆ ಎನ್ನುವ ಯೋಚನೆ ಯಾರಿಗೂ ಬರಲಿಲ್ಲ.

ಅವ್ವ ಒಂದು ದಿನ ಅದನ್ನು ಮಂಕರಿಯಲ್ಲಿ ಹಾಕಿ, ಮೇಲೆ ಹಳೆ ಸೀರೆ ಕಟ್ಟಿ, ನನ್ನನ್ನೂ ಕರೆದುಕೊಂಡು ಬಸ್ಸು ಹತ್ತಿದಳು. ಪಿರಿಯಾಪಟ್ಟಣದ ದನದಾಸ್ಪತ್ರೆಯಲ್ಲಿ ಎತ್ತು, ಎಮ್ಮೆ, ಆಡುಗಳ ನಡುವೆ ನಾವು ಮಂಕರಿ ಇಟ್ಟುಕೊಂಡು ಕೂತೆವು. ಮಂಕರಿಯೊಳಗಿನಿಂದ ಕೂಗು ಬಂದಾಗಲೆಲ್ಲ ಜನ ತಿರುಗಿ ನೋಡುತ್ತಿದ್ದರು. ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತ್ತು. ಪಿಯುಸಿ ಪಾಸಾದವಳಿಗೆ ಬೆಕ್ಕಿನ ಕಾಯಿಲೆ ಎಂದರೆ ಅವಮಾನವಲ್ಲವೇ. ಡಾಕ್ಟರು ಒಳ್ಳೆಯವರು. ಮೊದಲು ನಕ್ಕರು, ಬೆಕ್ಕನ್ನು ಇಲ್ಲಿ ಯಾರೂ ತರುವುದಿಲ್ಲ ಎಂದರು, ಆಮೇಲೆ ಕೂದಲು ಸರಿಸಿ ಚರ್ಮ ನೋಡಿದರು. ಒಂದು ಇಂಜೆಕ್ಷನ್ ಕೊಟ್ಟರು. ಕೆರೆತ ನಿಂತು, ಸ್ವಲ್ಪ ದಿನಕ್ಕೆ ಮತ್ತೆ ಬಂತು. ಎರಡನೆಯ ಸಲ ಹೋದಾಗ, ಇದು ಹುಳದಿಂದ ಬಂದ ಕಜ್ಜಿಯಲ್ಲ, ತಿನ್ನುವುದರಲ್ಲಿ ಏನೋ ಒಂದು ಇದರ ಮೈಗೆ ಒಗ್ಗುತ್ತಿಲ್ಲ, ಎಂದರು. ಹಾಲು, ಅನ್ನ, ಮುದ್ದೆ, ಸಾರು ಎಲ್ಲ ನಿಲ್ಲಿಸಿ. ಯಾವುದಾದರೂ ಒಂದೇ ಮಾಂಸ, ಉಪ್ಪುಖಾರ ಸೋಕದ ಹಸಿ ಮಾಂಸ, ಅದನ್ನೇ ಕೊಟ್ಟು ನೋಡಿ. ಕೆರೆತ ನಿಂತ ಮೇಲೆ ಒಂದೊಂದಾಗಿ ಬೇರೆಯದು ಸೇರಿಸಿ, ಯಾವುದು ಕೊಟ್ಟಾಗ ಕೆರೆಯುತ್ತದೋ ಅದು ಅದಕ್ಕೆ ಆಗದು ಎಂದು ಲೆಕ್ಕ.

ಅವ್ವ ಎಲ್ಲ ಕೇಳಿಸಿಕೊಂಡಳು. ಎದ್ದು ಬರುವಾಗ ಬಾಗಿಲ ಬಳಿ ನಿಂತು, "ಮನುಸ್ರಿಗೂ ಅಂಗಾಯ್ತದಾ ಸ್ವಾಮಿ?" ಎಂದು ಕೇಳಿದಳು. ಡಾಕ್ಟರು ನಗುತ್ತ, ಆಗುತ್ತದಮ್ಮ, ಆದರೆ ಅದಕ್ಕೆ ಪಕ್ಕದ ಆಸ್ಪತ್ರೆಗೆ ಹೋಗಬೇಕು, ಎಂದರು. ನಾನೂ ನಕ್ಕೆ.

ಆಮೇಲೆ ನಮ್ಮ ಮನೆಯಲ್ಲಿ ನಡೆದದ್ದನ್ನು ಏನೆಂದು ಹೇಳಲಿ. ಅವ್ವ ಮೊದಲು ಕೋಳಿಯಿಂದ ಶುರುಮಾಡಿದಳು. ಕೆರೆತ ನಿಲ್ಲಲಿಲ್ಲ. ಕೆರೆ ಮೀನು ತರಿಸಿದಳು. ಕೆರೆತ ಇನ್ನೂ ಹೆಚ್ಚಿತು. ಹಾಲೂ ಆಗದ, ಮೀನೂ ಆಗದ ಬೆಕ್ಕು ಭೂಮಿಯ ಮೇಲೆ ಯಾಕೆ ಹುಟ್ಟಬೇಕು ಎಂದು ಅಪ್ಪ ಕೇಳಿದರು. ಕಡೆಗೆ ಕುರಿಯ ಮಾಂಸ ಒಗ್ಗಿತು. ಹುಣ್ಣು ಒಣಗಿ ಕೂದಲು ಬರತೊಡಗಿತು. ಎಷ್ಟೋ ಮನುಷ್ಯರಿಗೆ ಹಬ್ಬಕ್ಕೊಮ್ಮೆ ಸಿಗುವುದು ಇವನಿಗೆ ದಿನವೂ ಬೇಕಾಯಿತು.

ಅಲ್ಲಿಗೂ ಮುಗಿಯಲಿಲ್ಲ. ಬರೀ ಮೆತ್ತನೆಯ ಮಾಂಸ ತಿಂದು ತಿಂದು ಅದರ ಹಿಂಗಾಲು ಸೋತು ನಡೆಯಲಾರದೆ ಹೋಯಿತು. ಮತ್ತೆ ಮಂಕರಿ, ಮತ್ತೆ ಬಸ್ಸು. ಡಾಕ್ಟರು ಈ ಸಲ ನಗಲಿಲ್ಲ. ಬೆಕ್ಕಿನ ಊಟ ಎಂದರೆ ಇಲಿ. ಇಲಿಯಲ್ಲಿ ಮಾಂಸ ಮಾತ್ರ ಇರುವುದಿಲ್ಲ, ಮೂಳೆಯಿದೆ, ಈಲಿಯಿದೆ, ಗುಂಡಿಗೆಯಿದೆ. ಅದೆಲ್ಲ ಸೇರಿದರೇ ಊಟ. ಮೂಳೆ ಹಸಿಯದಾಗಿರಲಿ, ಬೇಯಿಸಿದ ಮೂಳೆ ಸೀಳಿ ಗಂಟಲಿಗೆ ಚುಚ್ಚುತ್ತದೆ. ಈಲಿ ಬೇಕೇ ಬೇಕು, ಆದರೆ ಅತಿಯಾಗಬಾರದು, ವಾರಕ್ಕಿಷ್ಟು ಎಂದು ಸ್ವಲ್ಪ ಸಾಕು. ಹೀಗೆಲ್ಲ ಹೇಳಿ ಕಳಿಸಿದರು.

ಅವ್ವ ಕುರಿಯಿಂದ ಇಲಿ ಮಾಡುವ ಕೆಲಸಕ್ಕೆ ಕೂತಳು. ಬೆಟ್ಟದಪುರದ ಮಟನ್ ಅಂಗಡಿಯವನ ಹತ್ತಿರ ಯಾರೂ ಕೊಳ್ಳದ ಚೂರುಪಾರು, ಗುಂಡಿಗೆಯ ತುಂಡು, ಎದೆಯ ಎಳೆ ಮೂಳೆ ಕೇಳಿ ತರುತ್ತಿದ್ದಳು. ಬೆಕ್ಕಿಗೆ ಎಂದಾಗ ಅವನು ಮೊದಮೊದಲು ಸುಮ್ಮನೆ ಕೊಟ್ಟ. ವಾರವಾರವೂ ಬರುತ್ತಾಳೆ ಎಂದು ಗೊತ್ತಾದ ಮೇಲೆ ಅದಕ್ಕೂ ಬೆಲೆ ಕಟ್ಟಿದ. ಅವ್ವ ಚೌಕಾಸಿ ಮಾಡಲಿಲ್ಲ. ಹಿತ್ತಲಿನ ಪುದೀನ, ನಿಂಬೆಹಣ್ಣು, ಕರಿಬೇವು ಕಟ್ಟಿಕೊಂಡು ಹೋಗಿ ಅವನ ಹೆಂಡತಿಯ ಕೈಗೆ ಕೊಟ್ಟಳು. ಬೆಲೆ ತಾನಾಗಿ ಇಳಿಯಿತು. ತಂದದ್ದನ್ನು ಕೊಟ್ಟಿಗೆಯ ಪಕ್ಕದ ಚಪ್ಪಡಿಯ ಮೇಲೆ ಗುಂಡುಕಲ್ಲಿನಿಂದ ಕುಟ್ಟಿ, ಮೂಳೆ ಮಾಂಸ ಒಂದಾಗುವ ಹಾಗೆ ಕೊಚ್ಚಿ, ಉಂಡೆ ಕಟ್ಟುತ್ತಿದ್ದಳು. ಮಾಂಸ ಸಿಗದ ದಿನ ಮೊಟ್ಟೆಯ ಹಳದಿಗೆ ಮೊಟ್ಟೆಯ ಚಿಪ್ಪನ್ನೇ ಹಿಟ್ಟಿನ ಹಾಗೆ ಪುಡಿಮಾಡಿ ಕಲಸುತ್ತಿದ್ದಳು. ಕೋಳಿ ಆಗದವನಿಗೆ ಮೊಟ್ಟೆ ಹೇಗೆ ಆಯಿತು ಎಂದು ನನ್ನನ್ನು ಕೇಳಬೇಡಿ, ಆಯಿತು. ಫ್ರಿಜ್ಜು ಕಾಣದ ಮನೆ ನಮ್ಮದು. ಮುಚ್ಚಳ ಬಿಗಿದ ತಂಬಿಗೆಯಲ್ಲಿ ಮಾಂಸವಿಟ್ಟು ಬಾವಿಯ ಅರ್ಧಕ್ಕೆ ಇಳಿಬಿಡುತ್ತಿದ್ದಳು. ಮಾರನೆಯ ದಿನದವರೆಗೆ ತಣ್ಣಗಿರುತ್ತಿತ್ತು.

"ಇಲಿ ಇಡೀಲಿ ಅಂತ ಬೆಕ್ಕು ಸಾಕುದ್ರೆ, ಬೆಕ್ಕಿಗೋಸ್ಕರ ಕುರಿ ಕುಟ್ಟಿ ಇಲಿ ಮಾಡ್ತಾವ್ಳಲ್ಲಪ್ಪ ಇವ್ಳು," ಎಂದು ಅಪ್ಪ ಊರಿಗೆಲ್ಲ ಹೇಳಿಕೊಂಡು ತಿರುಗಿದರು. ಊರು ನಕ್ಕಿತು. ಅವ್ವ ಮಾತ್ರ ಕುಟ್ಟುತ್ತಲೇ ಇದ್ದಳು.

ಇಷ್ಟರಲ್ಲಿ ನನ್ನ ಮದುವೆ ಗೊತ್ತಾಯಿತು. ಹುಡುಗ ಕೆ.ಆರ್. ನಗರದ ಕಡೆಯವರು, ನಾಲೆ ನೀರಿನ ಗದ್ದೆಯವರು, ಮೇಲೆ ಸರ್ಕಾರಿ ಗುಮಾಸ್ತರು. ನೀರಾವರಿಯವರು ನಮ್ಮಂಥ ಬೆದ್ದಲು ಭೂಮಿಯವರ ಮನೆಗೆ ಬಂದರೆ, ಕುಡಿಯುವ ನೀರನ್ನೂ ಸ್ವಲ್ಪ ಅನುಮಾನದಿಂದಲೇ ನೋಡುತ್ತಾರೆ. ಆಗ ನಮ್ಮ ಮನೆಯವರಿಗೆ ಬೆಕ್ಕಿನ ಹೆಸರು ನೆನಪಾಯಿತು. ಇನ್ನುಮೇಲೆ ಅದನ್ನು ಮುನಿಯ ಎಂದು ಕರೆಯತಕ್ಕದ್ದು ಎಂದು ಅಪ್ಪ ಕಟ್ಟುನಿಟ್ಟು ಮಾಡಿದರು. ಮುನಿಯ ಎಂದು ಕರೆದರೆ ಬೆಕ್ಕು ಕಿವಿಯನ್ನೂ ಅಲ್ಲಾಡಿಸಲಿಲ್ಲ. ಮದುವೆಯ ಗಲಾಟೆಯಲ್ಲಿ ಅದನ್ನು ದೊಡ್ಡಪ್ಪನ ಮನೆಗೆ ಸಾಗಿಸಿ ಹೇಗೋ ಪಾರಾದೆವು.

ಮದುವೆಯಾದ ಮೇಲೆ ಬಂದ ಮೊದಲ ಯುಗಾದಿಗೆ ನಾನೂ ನಮ್ಮ ಯಜಮಾನರೂ ತವರಿಗೆ ಹೋದೆವು. ಹಬ್ಬದ ಮಾರನೆಯ ದಿನ ಹೊಸತೊಡಕು. ನಮ್ಮ ಕಡೆ ಆ ದಿನ ಊರಿನವರು ಸೇರಿ ಕುರಿ ಕೊಯ್ದು, ಸೇರಿದವರಿಗೆಲ್ಲ ಸಮನಾಗಿ ಗುಡ್ಡೆ ಹಾಕಿ ಹಂಚಿಕೊಳ್ಳುತ್ತಾರೆ, ಗುಡ್ಡೆಬಾಡು ಎನ್ನುತ್ತಾರೆ. ಎಲ್ಲದರಲ್ಲೂ ಒಂದೊಂದು ಚೂರು ಪ್ರತಿ ಗುಡ್ಡೆಗೂ ಬೀಳಬೇಕು, ಹಾಗಾಗಿ ಒಂದು ಮನೆಗೆ ಬರುವ ಈಲಿ ಒಂದು ಹಿಡಿಯಷ್ಟೇ. ಆ ಹಿಡಿ ಈಲಿಯನ್ನು ಮೆಣಸು ಹಾಕಿ ಹುರಿದು ಮನೆಗೆ ಬಂದ ಅಳಿಯನ ತಟ್ಟೆಗೆ ಮೊದಲು ಬಡಿಸಬೇಕು. ಇದು ಎಲ್ಲೂ ಬರೆದಿಲ್ಲ, ಆದರೆ ತಪ್ಪಿದರೆ ಗೊತ್ತಾಗುತ್ತದೆ.

ನಮ್ಮ ಯಜಮಾನರು ನಡುಮನೆಯ ಮಂಚದ ಮೇಲೆ, ಹೊಸ ಪಂಚೆಯ ಮಡಿಕೆ ಕೆಡದ ಹಾಗೆ ಒರಗಿದ್ದರು. ನಿದ್ದೆ ಮಾಡುತ್ತಿದ್ದಾರೆ ಎಂದುಕೊಂಡೆವು. ಅವ್ವನಿಗೆ ಒಲೆಯ ಮೇಲೆ ಮೂರು ಪಾತ್ರೆ. ಆ ಬಿಸಿಯಲ್ಲಿ ಅಪ್ಪನ ಕಟ್ಟಪ್ಪಣೆ ಮರೆತುಹೋಯಿತು. ಎಂದಿನ ಗಂಟಲಿನಲ್ಲಿಯೇ ನನಗೆ ಹೇಳಿದಳು:

"ಅಳಿಮಯ್ಯಂಗೆ ಈಲಿ ಎತ್ತಿ ಮಡಗಿವ್ನಿ ಕಣವ್ವ. ಬೇಯ್ಸಿದ್ದು ಅವ್ನಿಗಾಗಲ್ಲ, ಅಸೀದೇ ಕೊಚ್ಚಿ ಆಕ್ಬುಡು. ಖಾರ ಸೋಕುದ್ರೆ ಮೈಯೆಲ್ಲ ಕೆರ್ಕೊಂಡು ಸಾಯ್ತಾನೆ. ಮೊದ್ಲು ಅವ್ನ ಇತ್ಲಿಗೆ ಎತ್ಕೊಂಡೋಗಿ ಬಾಗ್ಲಾಕು, ನೆಂಟ್ರು ತಟ್ಟೆಗೆ ಬಾಯಾಕ್ಬುಟ್ಟಾನು."

ಮಂಚ ಕಿರುಗುಟ್ಟಿತು. ನಾನು ಬಗ್ಗಿ ನೋಡುವಷ್ಟರಲ್ಲಿ ನಮ್ಮ ಯಜಮಾನರು ಎದ್ದು ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದರು. ಗುಂಡಿ ಒಂದು ಕಾಜ ತಪ್ಪಿ ಅಂಗಿ ಸೊಟ್ಟಗಾಗಿತ್ತು. ಮುಖ ನೋಡಿದರೆ ಮಾತಾಡಿಸುವ ಹಾಗಿರಲಿಲ್ಲ. ಬ್ಯಾಗು ಎಲ್ಲಿ ಎಂದಷ್ಟೇ ಕೇಳಿದರು. ಜಗಲಿಯಲ್ಲಿದ್ದ ಅಪ್ಪ ಓಡಿಬಂದು, ಏನಾಯ್ತು ಅಳಿಯಂದ್ರೆ, ಎಂದರು. ಇವರು ಮಂಚದ ಕೆಳಗೆ ಬ್ಯಾಗು ಹುಡುಕತೊಡಗಿದರು. ನನ್ನಿಂದ ವಿಷಯ ತಿಳಿದ ಅಪ್ಪ ತಲೆಯ ಮೇಲೆ ಕೈಯಿಟ್ಟುಕೊಂಡು, ಅದು ನಿಮಗಲ್ಲ, ನಮ್ಮ ಬೆಕ್ಕಿನ ಹೆಸರು ಅಳಿಮಯ್ಯ, ಎಂದು ಸತ್ಯವನ್ನೇ ಹೇಳಿಬಿಟ್ಟರು. ಕೆಲವು ಸತ್ಯಗಳನ್ನು ಹೇಳುವುದಕ್ಕಿಂತ ಸುಮ್ಮನಿರುವುದು ಲೇಸು. ಅಲ್ಲಿಯವರೆಗೆ ಹಸಿ ಈಲಿ ತಿನ್ನಿಸುತ್ತಾರೆ ಎಂದಷ್ಟೇ ಸಿಟ್ಟಾಗಿದ್ದವರು ಈಗ ನಿಜವಾಗಿ ಕೆರಳಿದರು.

"ನಮ್ಮ ತಾಲ್ಲೂಕಲ್ಲಿ ಅಳಿಯನಿಗೆ ಒಂದು ಮರ್ಯಾದೆ ಅಂತ ಇದೆ," ಎಂದರು. "ಇಲ್ಲಿ ಬೆಕ್ಕಿಗೆ ಆ ಹೆಸರು. ಈಲಿನೂ ಬೆಕ್ಕಿಗೇ."

ನಾನು ಹೆದರಿದ್ದೆ, ಸುಳ್ಳೇಕೆ ಹೇಳಲಿ. ಮದುವೆಯಾಗಿ ಇನ್ನೂ ವರ್ಷ ತುಂಬಿಲ್ಲ. ಇವರು ಹೀಗೆ ಹೋದರೆ ನಾಳೆ ಅತ್ತೆಮನೆಯಲ್ಲಿ ಈ ಬೆಕ್ಕು ಹುಲಿಯಾಗಿ ಬೆಳೆದಿರುತ್ತದೆ, ಜನ್ಮವಿಡೀ ನಾನು ಅದರ ಜೊತೆ ಬಾಳಬೇಕು. ಅಪ್ಪನೂ ಹೆದರಿದರು. ಹೆದರಿದ ಗಂಡಸರು ಮಾಡುವುದನ್ನೇ ಮಾಡಿದರು, ಹೆಂಡತಿಯ ಮೇಲೆ ಹರಿಹಾಯ್ದರು. ಆ ಈಲಿಯನ್ನು ಈಗಲೇ ಹುರಿದು ಇಲ್ಲಿಗೆ ತಾ, ಆ ಬೆಕ್ಕನ್ನು ಚೀಲಕ್ಕೆ ಹಾಕಿ ಇವತ್ತೇ ಕಾಡಂಚಿಗೆ ಬಿಟ್ಟುಬರುತ್ತೇನೆ, ಎಂದರು.

ಅವ್ವ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದಳು. ನನ್ನ ಅವ್ವ ಅಪ್ಪನಿಗೆ ಎದುರು ಮಾತಾಡಿದ್ದನ್ನು ನಾನು ಅದುವರೆಗೆ ಕಂಡವಳಲ್ಲ. ಅವತ್ತೂ ದನಿ ಏರಿಸಲಿಲ್ಲ.

"ಆ ಮೂಕ್ ಪ್ರಾಣಿಗೆ ಏನ್ ತಿಂದ್ರೆ ಆಗಲ್ಲ ಅಂತ ನಾನು ನೋಡ್ದೆ. ನಂಗೇನಾಗಲ್ಲ ಅಂತ ಈ ಮನೇಲಿ ಯಾರು ನೋಡುದ್ರಿ?" ಎಂದಳು. "ಬದ್ನೇಕಾಯಿ ತಿಂದ್ರೆ ನನ್ನ ಮೈ ಬೆಂಕಿ ಬಿದ್ದಂಗಾಯ್ತದೆ. ನಿಮ್ಗಿಷ್ಟ ಅಂತ ಬಂದಾಗ್ಲಿಂದ ಮಾಡ್ಕೊಂಡು ತಿನ್ಕೊಂಡು ಬಿದ್ದಿವ್ನಿ."

ಸೆರಗು ಸರಿಸಿ ಮೊಣಕೈ ಮಡಿಕೆ ತೋರಿಸಿದಳು. ಚರ್ಮ ಕಪ್ಪಗೆ ದಪ್ಪಗಾಗಿ ಗೀರುಬಿದ್ದಿತ್ತು. ಆ ಕೈಯನ್ನು ನಾನು ದಿನವೂ ನೋಡಿದ್ದೆ. ಹೊಗೆಸೊಪ್ಪು ಕಟ್ಟುವವರ ಕೈ ಇರುವುದೇ ಹಾಗೆ ಎಂದುಕೊಂಡಿದ್ದೆ.

"ಬಾಯ್ಬುಟ್ಟು ಏಳಬೋದಾಗಿತ್ತಲ್ಲ," ಎಂದರು ಅಪ್ಪ.

"ಬೆಕ್ಕೇನ್ ಬಾಯ್ಬುಟ್ಟು ಏಳಿತ್ತಾ?" ಎಂದಳು ಅವ್ವ. ಎಂದವಳೇ ಒಳಗೆ ಹೋಗಿ, ಈಲಿಯನ್ನು ಕೊಚ್ಚಿ, ಬಾಳೆಲೆಯ ಚೂರಿನ ಮೇಲಿಟ್ಟು, ನಡುಮನೆಯಲ್ಲಿ ಎಲ್ಲರ ಕಣ್ಣೆದುರೇ ಬೆಕ್ಕನ್ನು ಹೆಸರು ಹಿಡಿದು ಕರೆದಳು. ಅದು ಬಂದು ಗುರುಗುಟ್ಟುತ್ತ ತಿಂದಿತು. ತಿಂದು ಮೀಸೆ ಒರೆಸಿಕೊಂಡು ಹೋಗಿ ಮಂಚದ ಮೇಲೆ, ನಮ್ಮ ಯಜಮಾನರು ಬಿಟ್ಟೆದ್ದ ಬೆಚ್ಚಗಿನ ಜಾಗದಲ್ಲಿ ಮಲಗಿತು.

ಇವರು ಬ್ಯಾಗು ಹಿಡಿದು ಜಗಲಿಗೆ ಹೋದರು. ಅಲ್ಲಿಂದ ಮುಂದಕ್ಕೆ ಹೋಗಲಿಲ್ಲ. ಹೊಸತೊಡಕಿನ ದಿನ ನಮ್ಮೂರಿಗೆ ಸಂಜೆಯವರೆಗೆ ಬಸ್ಸಿಲ್ಲ. ಮರ್ಯಾದೆ ಎಷ್ಟೇ ದೊಡ್ಡದಿರಲಿ, ಬೆಟ್ಟದಪುರದವರೆಗೆ ಬಿಸಿಲಲ್ಲಿ ನಡೆಯುವಷ್ಟು ದೊಡ್ಡದಿರುವುದಿಲ್ಲ. ಒಳಗಿನಿಂದ ಸಾರಿನ ಘಮಲು ಹೋಗಿ ಅವರನ್ನು ಎರಡು ಮೂರು ಸಲ ಮಾತಾಡಿಸಿತು. ಅವ್ವ ತಾನೇ ಹೋಗಿ, ಏಳಿ, ಊಟ ಆರೋಗ್ತದೆ, ಎಂದಳು. ಬಂದು ಕೂತರು. ಎರಡು ಮುದ್ದೆ ಮುರಿದರು. ನೀರಾವರಿಯವರಿಗೆ ಮುದ್ದೆ ಇಳಿಯುವುದಿಲ್ಲ ಎಂದು ನನಗೆ ಹೇಳಿದ್ದವರು. ಊಟದ ನಡುವೆ ತಲೆಯೆತ್ತದೆ, "ಅತ್ತೆ, ನಿಮ್ಮ ಕೈಗೆ ಮೈಸೂರಲ್ಲಿ ಒಬ್ಬ ಚರ್ಮದ ಡಾಕ್ಟರಿಗೆ ತೋರಿಸೋಣ," ಎಂದರು. ಆ ಒಂದು ಮಾತಿಗಾಗಿ ನಾನು ಅವರ ಮುಂದಿನ ಎಷ್ಟೋ ಮಾತುಗಳನ್ನು ಸಹಿಸಿಕೊಂಡಿದ್ದೇನೆ. ಈಗ ಅವರು ಈ ಕಥೆ ಹೇಳುವಾಗ, ಪಾಪ ತಿನ್ನಲಿ ಬಿಡಿ ಎಂದು ಈಲಿಯನ್ನು ಬೆಕ್ಕಿಗೆ ಕೊಡಿಸಿದವರೇ ತಾವು ಎನ್ನುತ್ತಾರೆ. ಕೇಳುವವರು ತಲೆದೂಗುತ್ತಾರೆ. ನಾನು ಕಾಫಿ ತರಲು ಒಳಗೆ ಹೋಗುತ್ತೇನೆ.

ಅಪ್ಪ ಬದನೆಕಾಯಿ ಬಿಟ್ಟರೇ ಎಂದು ಕೇಳುತ್ತೀರಿ. ಇಲ್ಲ. ಅವ್ವ ಮಾಡುವುದನ್ನು ಬಿಟ್ಟಳು. ಅಪ್ಪ ಹಿತ್ತಲಿನ ಬದನೆಕಾಯಿಗಳನ್ನು ಟವೆಲ್ಲಿನಲ್ಲಿ ಗಂಟು ಕಟ್ಟಿಕೊಂಡು ಪಕ್ಕದ ಬೀದಿಯಲ್ಲಿದ್ದ ತಂಗಿಯ ಮನೆಗೆ ಹೋಗಿ ಮಾಡಿಸಿಕೊಂಡು ತಿಂದು ಬರತೊಡಗಿದರು. ನಮ್ಮವಳಿಗೆ ಬೆಕ್ಕಿನ ಕಾಯಿಲೆ ಅಂಟಿದೆ ಎಂದು ಅರಳಿಕಟ್ಟೆಯಲ್ಲಿ ನಗಾಡಿದರು. ಆ ನಗೆಯಿಂದ ಅವರಿಗೇ ಗೊತ್ತಿಲ್ಲದ ಒಂದು ಕೆಲಸವಾಯಿತು. ಊರಿನ ಹೆಂಗಸರು ಒಬ್ಬೊಬ್ಬರಾಗಿ ನಮ್ಮ ಹಿತ್ತಲಿಗೆ ಬರಲು ಶುರುಮಾಡಿದರು. ಬೆಕ್ಕು ಸಾಕದವರೂ ಬೆಕ್ಕಿನ ಸಮಾಚಾರ ಕೇಳುವ ನೆಪದಲ್ಲಿ ಬಂದರು. ಹಸಿ ಯಾಕೆ ಕೊಡೋದು, ಮೂಳೆ ಹೆಂಗೆ ಕುಟ್ಟೋದು ಎಂದೆಲ್ಲ ಕೇಳಿ, ಆಮೇಲೆ ದನಿ ತಗ್ಗಿಸಿ, ನನಗೂ ಕಡಲೆಕಾಯಿ ತಿಂದರೆ ಗಂಟಲು ಊದಿಕೊಳ್ಳುತ್ತದೆ ಎಂದು ಒಬ್ಬಳು, ಒಣಮೀನು ತಿಂದ ದಿನ ಉಸಿರು ಕಟ್ಟುತ್ತದೆ ಎಂದು ಇನ್ನೊಬ್ಬಳು. ಅವ್ವ ಚಪ್ಪಡಿಯ ಮೇಲೆ ಕುಟ್ಟುತ್ತಲೇ, ಒಂದೊಂದೇ ಬಿಟ್ಟು ನೋಡಿ, ಎನ್ನುತ್ತಿದ್ದಳು. ಗಂಟಲು ಊದುವವಳನ್ನು ಮಾತ್ರ ತಾನೇ ಪಿರಿಯಾಪಟ್ಟಣದ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಗಂಡಸರು ಇದನ್ನು ಬೆಕ್ಕಿನ ಸಂಘ ಎಂದು ಕರೆದರು. ಎಷ್ಟೋ ಮನೆಗಳಲ್ಲಿ ಆ ವರ್ಷ ಸಾರು ಬದಲಾಯಿತು.

ಬೆಕ್ಕು ಮೈತುಂಬ ಕೂದಲು ತುಂಬಿಕೊಂಡು, ಕಡೆಯವರೆಗೂ ಒಂದು ಇಲಿಯನ್ನೂ ಮುಟ್ಟದೆ, ಬಹಳ ವರ್ಷ ಬದುಕಿ, ಎರಡು ಸಾವಿರದ ಇಸವಿ ದಾಟಿದ ಮೇಲೆ ವಯಸ್ಸಾಗಿ ಸತ್ತಿತು. ಅಪ್ಪನೇ ಗುಂಡಿ ತೋಡಿದರು. ಅವತ್ತು ತಮಾಷೆ ಮಾಡಲಿಲ್ಲ.

ಇಷ್ಟನ್ನೆಲ್ಲ ಮೆಲುಕು ಹಾಕುತ್ತ ಮಟನ್ ಚೀಲ ಹಿಡಿದು ಮನೆಗೆ ಬಂದೆ. ಇವತ್ತು ರಾತ್ರಿ ನನ್ನ ಮಗಳು ಮದುವೆಯಾದ ಮೇಲೆ ಮೊದಲ ಸಲ ಗಂಡನ ಜೊತೆ ಬರುತ್ತಿದ್ದಾಳೆ. ಫೋನು ಮಾಡಿ, ನಿನ್ನ ಗಂಡನಿಗೆ ತಿನ್ನುವುದರಲ್ಲಿ ಯಾವುದು ಆಗುತ್ತದೆ, ಯಾವುದು ಆಗಲ್ಲ, ಎಂದು ಕೇಳಿದೆ. ಅವಳು ಪಾಠ ಒಪ್ಪಿಸುವ ಹಾಗೆ ಹೇಳಿದಳು: ಕೊಬ್ಬು ಬೇಡ, ಕೊತ್ತಂಬರಿ ಬಾಯಿಗೆ ಸಿಗಬಾರದು, ಮೊಸರು ಹುಳಿಯಿರಬಾರದು. ಮದುವೆಯಾಗಿ ತಿಂಗಳುಗಳಾಗಿವೆಯಷ್ಟೇ.

"ನಿನಗೆ?" ಎಂದೆ.

"ನನಗೇನಮ್ಮ, ಎಲ್ಲ ಆಗುತ್ತೆ," ಎಂದಳು.

ಯೋಚನೆ ಮಾಡಿ ಹೇಳು ಎಂದೆ.

"ಬೇಜಾರು ಮಾಡ್ಕೋಬೇಡ," ಎಂದಳು. "ನೀನು ಮಾಡೋ ಹುರುಳಿ ಸಾರು ನನಗೆ ಆಗಲ್ಲ ಕಣಮ್ಮ. ಚಿಕ್ಕವಳಿದ್ದಾಗಿಂದಲೂ ಅಷ್ಟೆ, ತಿಂದ ದಿನ ರಾತ್ರಿಯೆಲ್ಲ ಎದೆ ಉರಿ."

ನನ್ನ ಹುರುಳಿ ಸಾರು ಎಂದರೆ ಏನೆಂದು ನೀವು ಈ ಬೀದಿಯಲ್ಲಿ ಯಾರನ್ನಾದರೂ ಕೇಳಿ. ಅವಳು ಹಾಸ್ಟೆಲಿಗೆ ಹೋಗುವಾಗ ಅದನ್ನು ಡಬ್ಬಿಯಲ್ಲಿ ಕಟ್ಟಿ ಕಳಿಸಿದ್ದೇನೆ, ಪರೀಕ್ಷೆಯ ದಿನ ಶಕ್ತಿ ಬರಲಿ ಎಂದು ತಟ್ಟೆ ತುಂಬ ಸುರಿದಿದ್ದೇನೆ, ಬೇಡ ಎಂದಾಗ ಗದರಿದ್ದೇನೆ. ಈಗಲೂ ಒಂದು ಪಾತ್ರೆ ಹುರುಳಿ ನೆನೆದು ಕೂತಿತ್ತು. ಸಿಟ್ಟು ಬಂತು. ಎದ್ದು ಎಲ್ಲಿಗಾದರೂ ಹೊರಟುಬಿಡಬೇಕು ಅನ್ನಿಸುವಂಥ ಸಿಟ್ಟು. ಅದನ್ನು ಹೇಗೋ ನುಂಗಿಕೊಂಡು, ಸರಿ, ಹಾಗಾದರೆ ನಿನಗೆ ಏನು ಬೇಕು ಹೇಳು, ಎಂದೆ.

ಅದನ್ನು ಯಾರೂ ಕೇಳಿರಲಿಲ್ಲವೋ ಏನೋ, ಅವಳಿಗೆ ತಕ್ಷಣ ಹೊಳೆಯಲಿಲ್ಲ. ಯೋಚನೆ ಮಾಡಿ ಫೋನು ಮಾಡುತ್ತೇನೆ ಎಂದಳು. ಹುರುಳಿಯನ್ನು ಪಕ್ಕದ ಮನೆಯವರ ಹಸುವಿಗೆ ಕೊಟ್ಟು ಬಂದೆ. ನಡುಮನೆಯಿಂದ ನಮ್ಮ ಯಜಮಾನರು, ಇನ್ನೂ ಒಲೆ ಹಚ್ಚಿಲ್ಲವಾ, ಎಂದು ಕೇಳಿದರು. ಇಲ್ಲ ಎಂದೆ. ಗಂಟೆ ಹನ್ನೆರಡಾಗುತ್ತ ಬಂತು. ಅವಳಿನ್ನೂ ಯೋಚನೆ ಮಾಡುತ್ತಿದ್ದಾಳೆ. ಮಾಡಲಿ.